ಡೀಸೆಲ್ ಪಿಕಪ್‌ನಲ್ಲಿ ಆಟೋಮ್ಯಾಟಿಕ್ ಗೇರು ಸರಿಯಾಗಿ ಬೀಳದಿದ್ದರೆ: ಗೇರ್‌ಬಾಕ್ಸ್ ಇಳಿಸುವ ಮುನ್ನ ನೋಡಬೇಕಾದದ್ದು

ಮಂಡ್ಯ, ಪಾಂಡವಪುರ, ಮಳವಳ್ಳಿ ಕಡೆಯ ತೋಟದ ಮನೆಗಳ ಮುಂದೆ ಈಗ ಆಟೋಮ್ಯಾಟಿಕ್ ಗೇರಿನ ಡೀಸೆಲ್ ಪಿಕಪ್‌ಗಳೂ ನಿಂತಿರುತ್ತವೆ. ಇಸುಜು ವಿ-ಕ್ರಾಸ್ ಇರಲಿ, 2022ರಲ್ಲಿ ನಮ್ಮ ದೇಶಕ್ಕೆ ಬಂದ ಟೊಯೋಟಾ ಹೈಲಕ್ಸ್ ಇರಲಿ, ಎರಡರಲ್ಲೂ ಆರು ಗೇರಿನ ಆಟೋಮ್ಯಾಟಿಕ್ ಸಿಗುತ್ತದೆ. ಭಾರ ಹೊರುವುದಕ್ಕೆಂದೇ ಮಾಡಿದ ಗೇರ್‌ಬಾಕ್ಸ್‌ಗಳು ಇವು, ಸುಮ್ಮನೆ ಕೆಡುವುದಿಲ್ಲ. ಆದರೆ ಗೇರು ಸ್ವಲ್ಪ ಜಗ್ಗಿದರೂ, ತಡವಾಗಿ ಬಿದ್ದರೂ "ಗೇರ್‌ಬಾಕ್ಸ್ ಹೋಗಿದೆ, ಇಳಿಸಬೇಕು" ಎಂಬ ಮಾತು ತಕ್ಷಣ ಬಂದುಬಿಡುತ್ತದೆ. ಇಳಿಸಿ ಬಿಚ್ಚಿದರೆ ಖರ್ಚು ಲಕ್ಷದ ಮಾತು. ಕಬ್ಬು, ಭತ್ತದ ದುಡ್ಡಿನಲ್ಲಿ ಗಾಡಿ ಇಟ್ಟುಕೊಂಡವರಿಗೆ ಅದು ಒಂದು ಬೆಳೆಯ ಲಾಭ. ಹೀಗಾಗಿಯೇ ಈ ಬರಹ. ದೋಷ ಹುಡುಕುವ ಕೆಲಸ ಹೊರಗಿನಿಂದ ಒಳಕ್ಕೆ ಸಾಗಬೇಕು: ಆಯಿಲ್, ಬ್ಯಾಟರಿ, ವೈರಿಂಗ್, ಎಂಜಿನ್, ಶಾಫ್ಟ್. ಇವೆಲ್ಲ ಸರಿ ಇವೆ ಎಂದು ಖಾತ್ರಿಯಾದ ಮೇಲೆ ಮಾತ್ರ ಗೇರ್‌ಬಾಕ್ಸ್‌ನ ಬೋಲ್ಟಿಗೆ ಪಾನಾ ಹಾಕಬೇಕು.

ದೂರನ್ನು ಬಿಡಿಸಿ ಕೇಳಿ

ಮಾಲೀಕರು "ಗೇರು ಸರಿಯಿಲ್ಲ" ಎನ್ನುತ್ತಾರೆ. ಆ ಒಂದು ಮಾತಿನೊಳಗೆ ಐದಾರು ಬೇರೆ ಬೇರೆ ರೋಗಗಳಿರುತ್ತವೆ. ಡಿ (ಮುಂದಕ್ಕೆ) ಅಥವಾ ಆರ್‌ಗೆ (ಹಿಂದಕ್ಕೆ) ಹಾಕಿದಾಗ ಗಾಡಿ ತಡೆದು ಎಳೆಯುವುದು ಒಂದು. ಗೇರು ಬದಲಾಗುವಾಗ ಎಂಜಿನ್ ಕೂಗಿ ವೇಗ ಏರದೇ ಇರುವುದು, ಅಂದರೆ ಜಾರುವುದು, ಇನ್ನೊಂದು. ಹಿಂದಿನಿಂದ ಗುದ್ದಿದಂತೆ ಬೀಳುವುದು, ಎರಡು ಗೇರುಗಳ ನಡುವೆ ಹತ್ತಿ ಇಳಿದು ಅಲೆಯುವುದು, ಒಂದೇ ವೇಗದಲ್ಲಿ ಹೋಗುವಾಗ ಗಾಡಿಯೆಲ್ಲ ನಡುಗುವುದು, ಒಂದು ಗೇರಿನಲ್ಲೇ ಸಿಕ್ಕಿಹಾಕಿಕೊಂಡು ಮೇಲೆ ಹೋಗದಿರುವುದು ಮತ್ತೆ ಬೇರೆ ಬೇರೆ. ಇವುಗಳಲ್ಲಿ ಯಾವುದು ಎಂದು ಗೊತ್ತಾಗದೆ ಗಾಡಿಯ ಕಂಪ್ಯೂಟರನ್ನು ಓದುವ ಸ್ಕ್ಯಾನರ್ ಹಚ್ಚಿದರೆ ಗೊಂದಲ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಬೆಳಗಿನ ತಣ್ಣನೆಯ ಹೊತ್ತಿನಲ್ಲಿ ಆಗುತ್ತದೆಯೇ, ಅರ್ಧ ಗಂಟೆ ಓಡಿದ ಮೇಲೆಯೇ? ಖಾಲಿ ಗಾಡಿಯಲ್ಲೋ, ಲೋಡಿನಲ್ಲೋ? ಯಾವ ಗೇರಿನಿಂದ ಯಾವ ಗೇರಿಗೆ ಹೋಗುವಾಗ? ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ, ಇದು ಶುರುವಾಗುವ ಮುನ್ನ ಗಾಡಿಗೆ ಏನು ಕೆಲಸ ಮಾಡಿಸಿದ್ದರು ಎಂಬುದು. ಬ್ಯಾಟರಿ ಬದಲಾಯಿಸಿದ್ದರೆ, ದೊಡ್ಡ ಟೈರು ಹಾಕಿಸಿದ್ದರೆ, ನಾಲೆ ಏರಿಯ ಮೇಲೆ ಹೋಗುವಾಗ ನೀರಿನಲ್ಲಿ ಇಳಿಸಿದ್ದರೆ, ಆಯಿಲ್ ಬದಲಿಸಿದ್ದರೆ ಅರ್ಧ ಉತ್ತರ ಅಲ್ಲೇ ಇರುತ್ತದೆ. ಬ್ಯಾಟರಿ ಕಳಚಿದಾಗ ಕೆಲವು ಗಾಡಿಗಳ ಗೇರ್‌ಬಾಕ್ಸ್ ಕಂಪ್ಯೂಟರು ತಾನು ಕಲಿತಿದ್ದ ಅಳತೆಗಳನ್ನು ಮರೆಯುತ್ತದೆ. ಮತ್ತೆ ಕಲಿಯುವ ತನಕ ಗೇರು ಒರಟಾಗಿ ಬೀಳಬಹುದು. ಅದಕ್ಕೆ ರಿಪೇರಿಯೇ ಬೇಡ.

ಟೆಸ್ಟ್ ಡ್ರೈವ್‌ಗೆ ಹೊರಟಾಗ ಸ್ಟಿಯರಿಂಗ್ ಮಾಲೀಕರ ಕೈಯಲ್ಲೇ ಇರಲಿ, ನೀವು ಪಕ್ಕದಲ್ಲಿ ಕುಳಿತುಕೊಳ್ಳಿ. ಅವರ ಕಾಲಿಗೆ ಸಿಗುವ ದೋಷ ನಿಮ್ಮ ಕಾಲಿಗೆ ಸಿಗದೇ ಹೋಗಬಹುದು. ಸಮತಟ್ಟಾದ ಓಟಕ್ಕೆ ಮೈಸೂರಿನ ಹೊರ ವರ್ತುಲ ರಸ್ತೆ ಬೆಳಗಿನ ಹೊತ್ತು ಚೆನ್ನಾಗಿದೆ. ಏರಿಗೆ ಮೈಸೂರಿನವರಿಗೆ ಚಾಮುಂಡಿ ಬೆಟ್ಟವಿದೆ. ಮಂಡ್ಯದವರು ಜಕ್ಕನಹಳ್ಳಿಯಿಂದ ಮೇಲುಕೋಟೆಗೆ ಹತ್ತಿಸಬಹುದು.

ಆಯಿಲ್ ಹೇಳುವ ಕಥೆ

ಹೊಸ ಗೇರ್‌ಬಾಕ್ಸ್‌ಗಳಲ್ಲಿ ಹಲವಕ್ಕೆ ಡಿಪ್‌ಸ್ಟಿಕ್ ಇಲ್ಲ. ಅದನ್ನೇ ನೆಪ ಮಾಡಿಕೊಂಡು ಆಯಿಲ್ ನೋಡುವುದನ್ನೇ ಬಿಟ್ಟುಬಿಡುವವರಿದ್ದಾರೆ. ಇದು ಸಲ್ಲದು. ಗಾಡಿಯನ್ನು ನಾಲ್ಕೂ ಕಡೆ ಸಮವಾಗಿ ಎತ್ತಿ, ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಲಿವರನ್ನು ಪ್ರತಿ ಗೇರಿಗೂ ನಿಧಾನವಾಗಿ ಹಾಕಿ ಮತ್ತೆ ಪಿಗೆ (ನಿಲುಗಡೆಗೆ) ತರಬೇಕು. ಸ್ಕ್ಯಾನರ್‌ನಲ್ಲಿ ಆಯಿಲ್‌ನ ಬಿಸಿ ಗಮನಿಸುತ್ತಿದ್ದು, ಅದು ತಯಾರಕರು ಹೇಳಿದಷ್ಟಕ್ಕೆ ಬಂದಾಗ ಆಯಿಲ್ ಮಟ್ಟ ನೋಡುವ ಪ್ಲಗ್ ತೆಗೆಯಬೇಕು. ಹಲವು ಗಾಡಿಗಳಲ್ಲಿ ಆ ಬಿಸಿ 35ರಿಂದ 45 ಡಿಗ್ರಿ ಸೆಲ್ಸಿಯಸ್. ಆಯಿಲ್ ಸಣ್ಣಗೆ ತೊಟ್ಟಿಕ್ಕಿದರೆ ಸರಿ ಇದೆ, ಧಾರೆಯಾಗಿ ಸುರಿದರೆ ಹೆಚ್ಚಾಗಿದೆ, ಏನೂ ಬಾರದಿದ್ದರೆ ಕಡಿಮೆಯಾಗಿದೆ. ಮೂವತ್ತು ಕಿಲೋಮೀಟರ್ ಓಡಿ ಬಂದ ಬಿಸಿ ಗಾಡಿಯ ಪ್ಲಗ್ ತೆಗೆದರೆ ಹಿಗ್ಗಿದ ಆಯಿಲ್ ಹೊರಗೆ ಹೋಗುತ್ತದೆ. ತಣ್ಣಗಾದಾಗ ಮಟ್ಟ ಕಡಿಮೆಯಾಗಿ, ಇಲ್ಲದ ರೋಗ ಹುಟ್ಟಿಕೊಳ್ಳುತ್ತದೆ. ಹೆಚ್ಚಾದರೂ ಅಪಾಯವೇ. ಒಳಗೆ ತಿರುಗುವ ಭಾಗಗಳು ಆಯಿಲ್ ಕಡೆದು ನೊರೆ ಎಬ್ಬಿಸುತ್ತವೆ, ನೊರೆಯಲ್ಲಿ ಒತ್ತಡ ನಿಲ್ಲುವುದಿಲ್ಲ, ಗೇರು ಜಾರುತ್ತದೆ.

ಆಮೇಲೆ ಬಿಳಿ ಬಟ್ಟೆಯ ಮೇಲೆ ನಾಲ್ಕು ಹನಿ ಬಿಟ್ಟು ಹಗಲು ಬೆಳಕಿನಲ್ಲಿ ನೋಡಿ. ಕೆಂಪಾಗಿ ಹರಡಿದರೆ ಆರೋಗ್ಯ. ಕಂದಾಗಿದ್ದು ವಾಸನೆ ಇಲ್ಲದಿದ್ದರೆ ವಯಸ್ಸಾಗಿದೆ, ಬದಲಿಸಬೇಕು. ಕಪ್ಪಾಗಿ, ಸೀದ ವಾಸನೆಯೊಡನೆ, ಬಟ್ಟೆಯ ನಡುವೆ ಮಸಿಯಂಥ ಕಣಗಳು ಉಳಿದರೆ ಒಳಗೆ ಕ್ಲಚ್ ಪ್ಲೇಟುಗಳು ಸುಟ್ಟಿವೆ ಎಂದರ್ಥ. ಗುಲಾಬಿ ಬಣ್ಣದ ಹಾಲಿನಂತೆ ಕಂಡರೆ ಗಾಡಿಯನ್ನು ಒಂದು ಮಾರೂ ಓಡಿಸಬೇಡಿ. ಅನೇಕ ಗಾಡಿಗಳಲ್ಲಿ ಗೇರ್ ಆಯಿಲ್ ತಣ್ಣಗಾಗುವ ಕೂಲರು ರೇಡಿಯೇಟರಿನೊಳಗೇ ಇರುತ್ತದೆ; ಅದು ಒಡೆದರೆ ಕೂಲೆಂಟ್ ಗೇರ್‌ಬಾಕ್ಸ್ ಸೇರಿ ಪ್ಲೇಟಿನ ಲೈನಿಂಗ್ ಹಿಡಿದಿಟ್ಟ ಅಂಟನ್ನು ಸಡಿಲಿಸುತ್ತದೆ.

ಆಯಿಲ್ ಬದಲಿಸುವಾಗ ಹೊರಬಂದ ಆಯಿಲನ್ನು ಅಳೆದಿಟ್ಟುಕೊಂಡು ಅಷ್ಟನ್ನೇ ತುಂಬಿ, ನಂತರ ಮಟ್ಟ ನೋಡಿ. ಕೈಪಿಡಿಯಲ್ಲಿ ಹೇಳಿದ ದರ್ಜೆಯ ಆಯಿಲನ್ನೇ ಹಾಕಬೇಕು. "ಎಲ್ಲ ಆಟೋಮ್ಯಾಟಿಕ್‌ಗೂ ಆಗುತ್ತದೆ" ಎಂದು ಡಬ್ಬದ ಮೇಲೆ ಬರೆದಿದ್ದರೂ ನಾನು ಅದನ್ನು ಮುಟ್ಟುವುದಿಲ್ಲ. ಪ್ಲೇಟುಗಳ ಹಿಡಿತ ನಿಂತಿರುವುದೇ ಆ ಆಯಿಲಿನ ಗುಣದ ಮೇಲೆ.

ಬ್ಯಾಟರಿ, ಅರ್ಥಿಂಗ್ ಮತ್ತು ಇಲಿ

ಗೇರು ಬದಲಿಸುವುದು ಕಂಪ್ಯೂಟರು. ಅದಕ್ಕೆ ಬೇಕಾದದ್ದು ಸ್ಥಿರವಾದ ವಿದ್ಯುತ್. ನಿಂತ ಗಾಡಿಯ ಬ್ಯಾಟರಿ ಸುಮಾರು 12.6 ವೋಲ್ಟ್, ಎಂಜಿನ್ ಓಡುವಾಗ 13.8ರಿಂದ 14.5 ವೋಲ್ಟ್ ತೋರಿಸಬೇಕು. ಬ್ಯಾಟರಿಯ ಋಣ ತುದಿಗೂ ಗೇರ್‌ಬಾಕ್ಸ್‌ನ ಮೈಗೂ ಮೀಟರ್ ಹಿಡಿದು, ಹೆಡ್‌ಲೈಟ್ ಮತ್ತು ಏಸಿ ಹಾಕಿ ನೋಡಿ: 0.2 ವೋಲ್ಟಿಗಿಂತ ಹೆಚ್ಚು ಬಂದರೆ ಅರ್ಥಿಂಗ್ ಪಟ್ಟಿ ಸಡಿಲವಾಗಿದೆ ಅಥವಾ ತುಕ್ಕು ಹಿಡಿದಿದೆ. ಬ್ಯಾಟರಿ ಸೊರಗಿದ ಗಾಡಿಯಲ್ಲಿ ಬರುವ ದೋಷದ ಕೋಡುಗಳಿಗೆ ತಲೆಬುಡ ಇರುವುದಿಲ್ಲ. ಮೊದಲು ಬ್ಯಾಟರಿ ಸರಿಪಡಿಸಿ, ಕೋಡು ಅಳಿಸಿ, ಮತ್ತೆ ಓಡಿಸಿ ನೋಡಿ.

ನಮ್ಮ ಕಡೆಯ ವಿಶೇಷ ಕಾಯಿಲೆಯೆಂದರೆ ಇಲಿ. ಗದ್ದೆ ಕೊಯ್ಲಾದ ಮೇಲೆ ಇಲಿಗಳು ಗೂಡು ಹುಡುಕಿಕೊಂಡು ಬರುತ್ತವೆ. ಹುಲ್ಲಿನ ಮೆದೆಯ ಪಕ್ಕ ನಿಲ್ಲಿಸಿದ ಪಿಕಪ್‌ನ ಬೆಚ್ಚಗಿನ ಗೇರ್‌ಬಾಕ್ಸ್ ಅವಕ್ಕೆ ಹೇಳಿಮಾಡಿಸಿದ ಜಾಗ. ವೈರಿಂಗ್ ಕಟ್ಟನ್ನು ಮೇಲಿನಿಂದ ನೋಡಿದರೆ ಎಲ್ಲ ಚೆನ್ನಾಗಿಯೇ ಕಾಣುತ್ತದೆ. ಕೆಳಗೆ ಮಲಗಿ, ಗೇರ್‌ಬಾಕ್ಸ್‌ನ ಮೇಲ್ಭಾಗಕ್ಕೆ ಕೈ ಹಾಕಿ, ಕಟ್ಟಿನ ಹಿಂಬದಿಯನ್ನು ಬೆರಳಿನಿಂದ ಸವರಬೇಕು. ಹಲ್ಲು ತಾಗಿದ ಕಡೆ ಪ್ಲಾಸ್ಟಿಕ್ ಸಿಪ್ಪೆ ತರಿತರಿಯಾಗಿ ಬೆರಳಿಗೆ ಸಿಗುತ್ತದೆ. ಒಳಗಿನ ತಾಮ್ರ ಪೂರ್ತಿ ತುಂಡಾಗಿರುವುದಿಲ್ಲ, ಎರಡು ಮೂರು ಎಳೆಗಳು ಉಳಿದಿರುತ್ತವೆ. ಸಮ ರಸ್ತೆಯಲ್ಲಿ ಆ ಎಳೆಗಳು ಕೆಲಸ ಮಾಡುತ್ತವೆ. ಹಳ್ಳ ದಿಣ್ಣೆಯಲ್ಲಿ ಬಿಟ್ಟುಕೊಳ್ಳುತ್ತವೆ. ಗಾಡಿ ಒಂದೇ ಗೇರಿನಲ್ಲಿ ಸಿಕ್ಕಿಕೊಳ್ಳುತ್ತದೆ, ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಸರಿಯಾಗುತ್ತದೆ. ಹೀಗೆ ಆಫ್ ಮಾಡಿದಾಗ ಸರಿಯಾಗುವ ದೋಷ ಹೆಚ್ಚಾಗಿ ವೈರಿಂಗ್ ಅಥವಾ ಸೆನ್ಸರಿನದು. ಸವೆದ ಪ್ಲೇಟು ಕೀಲಿ ತಿರುಗಿಸಿದರೆ ಸರಿಹೋಗುವುದಿಲ್ಲ.

ಕನೆಕ್ಟರನ್ನು ಬಿಚ್ಚಿದಾಗ ಪಿನ್ನುಗಳ ಬುಡದಲ್ಲಿ ಹಸಿರು ಕಿಲುಬು ಇದೆಯೇ, ಒಳಗೆ ಕೆಂಪು ಆಯಿಲ್ ಜಿನುಗಿದೆಯೇ ನೋಡಿ. ಲಿವರ್ ಎಲ್ಲಿದೆ ಎಂದು ಕಂಪ್ಯೂಟರಿಗೆ ತಿಳಿಸುವ ಸ್ವಿಚ್ಚು ಗೇರ್‌ಬಾಕ್ಸ್‌ನ ಪಕ್ಕದಲ್ಲೇ ಇರುತ್ತದೆ. ಕೆಸರು ನೀರು ಅದರೊಳಗೆ ಸೇರಿದರೆ ಲಿವರ್ ಡಿಯಲ್ಲಿದ್ದರೂ ಮೀಟರ್ ಬೋರ್ಡಿನಲ್ಲಿ ಡಿ ಮಿಣುಕುತ್ತದೆ ಅಥವಾ ಮಾಯವಾಗುತ್ತದೆ.

ಕೋಡು ದಾರಿ ತೋರಿಸುತ್ತದೆ, ತೀರ್ಪು ಕೊಡುವುದಿಲ್ಲ

ಪಿ0700 ಎಂದರೆ ಗೇರ್‌ಬಾಕ್ಸ್ ಕಂಪ್ಯೂಟರಿನಲ್ಲಿ ಏನೋ ದಾಖಲಾಗಿದೆ ಎಂಬ ಸೂಚನೆ, ಅಷ್ಟೇ. ಎಂಜಿನ್ ಮಾತ್ರ ಓದುವ ಅಗ್ಗದ ಸ್ಕ್ಯಾನರ್ ಅಲ್ಲಿಗೇ ನಿಲ್ಲುತ್ತದೆ. ಗೇರ್‌ಬಾಕ್ಸ್ ಕಂಪ್ಯೂಟರನ್ನೂ ಓದುವ ಸ್ಕ್ಯಾನರ್ ಬೇಕು. ಪಿ0705 ಲಿವರಿನ ಸ್ವಿಚ್ಚು, ಪಿ0710 ಆಯಿಲ್ ಬಿಸಿಯ ಸೆನ್ಸರು, ಪಿ0715 ಒಳಬರುವ ಶಾಫ್ಟಿನ ವೇಗದ ಸೆನ್ಸರು, ಪಿ0720 ಹೊರಹೋಗುವ ಶಾಫ್ಟಿನ ಸೆನ್ಸರು. ಇವು ಬಂದರೆ ಮೊದಲು ವೈರು, ಆಮೇಲೆ ಸೆನ್ಸರು. ಪಿ0741 ಟಾರ್ಕ್ ಕನ್ವರ್ಟರಿನ (ಎಂಜಿನ್ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ) ಲಾಕ್‌ಅಪ್, ಅಂದರೆ ಎರಡನ್ನೂ ನೇರವಾಗಿ ಬೆಸೆಯುವ ಕ್ಲಚ್ಚು, ಹಿಡಿಯುತ್ತಿಲ್ಲ ಎನ್ನುತ್ತದೆ. ಪಿ0730 ಗೇರಿನ ಅನುಪಾತ ತಪ್ಪಿದೆ ಎನ್ನುತ್ತದೆ, ಮತ್ತು ಎಲ್ಲರನ್ನೂ ಹೆದರಿಸುವ ಕೋಡು ಅದೇ. ಆದರೆ ವೇಗದ ಸೆನ್ಸರು ಸುಳ್ಳು ಲೆಕ್ಕ ಕೊಟ್ಟರೂ, ಆಯಿಲ್ ಕಡಿಮೆಯಾದರೂ ಇದೇ ಕೋಡು ಬರುತ್ತದೆ.

ಕೋಡು ಅಳಿಸುವ ಮುನ್ನ ಅದು ಬಿದ್ದ ಕ್ಷಣದ ವಿವರಗಳನ್ನು ಬರೆದುಕೊಳ್ಳಿ: ವೇಗ, ಆರ್‌ಪಿಎಂ, ಆಯಿಲ್‌ನ ಬಿಸಿ, ಯಾವ ಗೇರು. ಅಳಿಸಿದ ಮೇಲೆ ಆ ಮಾಹಿತಿ ಮತ್ತೆ ಸಿಗುವುದಿಲ್ಲ.

ಎಂಜಿನ್ನಿನ ದೋಷ, ಗೇರಿನ ಮೇಲೆ ಅಪವಾದ

ಡೀಸೆಲ್ ಪಿಕಪ್‌ಗಳಲ್ಲಿ ಹೆಚ್ಚು ಮಂದಿ ಮೋಸಹೋಗುವುದು ಇಲ್ಲೇ, ಹಾಗಾಗಿ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಗೇರ್‌ಬಾಕ್ಸ್ ಕಂಪ್ಯೂಟರು ತಾನೇ ಎಲ್ಲವನ್ನೂ ಅಳೆಯುವುದಿಲ್ಲ. ಎಂಜಿನ್ ಈಗ ಎಷ್ಟು ಬಲ ಕೊಡುತ್ತಿದೆ ಎಂಬುದನ್ನು ಎಂಜಿನ್ ಕಂಪ್ಯೂಟರಿನಿಂದ ಕೇಳಿ ತಿಳಿದು, ಆ ಲೆಕ್ಕಕ್ಕೆ ತಕ್ಕಂತೆ ಪ್ಲೇಟುಗಳ ಮೇಲೆ ಆಯಿಲ್ ಒತ್ತಡ ಹಾಕುತ್ತದೆ. ಲೆಕ್ಕ ತಪ್ಪಿದ್ದರೆ ಒತ್ತಡವೂ ತಪ್ಪುತ್ತದೆ. ನಿಜವಾದ ಬಲಕ್ಕಿಂತ ಹೆಚ್ಚು ಎಂದು ಬಂದರೆ ಗೇರು ಗುದ್ದುತ್ತದೆ, ಕಡಿಮೆ ಎಂದು ಬಂದರೆ ಮೆತ್ತಗೆ ಜಾರುತ್ತದೆ. ಗಾಳಿ ಅಳೆಯುವ ಸೆನ್ಸರಿನ ಮೇಲೆ ಧೂಳು, ಮುಚ್ಚಿಕೊಂಡ ಡೀಸೆಲ್ ಫಿಲ್ಟರು, ಸಿಕ್ಕಿಕೊಂಡ ಇಜಿಆರ್ (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಬಿಡುವ ಕವಾಟ), ಸವೆದ ಆಕ್ಸಿಲರೇಟರ್ ಸೆನ್ಸರು ಇವೆಲ್ಲವೂ ಗೇರಿನ ದೋಷದ ವೇಷ ಹಾಕಿಕೊಂಡು ಬರುತ್ತವೆ.

ಪಾಂಡವಪುರದ ಕಡೆಯ ಒಂದು ಗಾಡಿಯನ್ನು ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. "ಅಣ್ಣ, ತೆಂಗಿನಕಾಯಿ ತುಂಬಿಕೊಂಡು ಏರು ಹತ್ತಿದರೆ ಎಂಜಿನ್ ಕೂಗುತ್ತದೆ, ಗಾಡಿ ಎಳೆಯುವುದಿಲ್ಲ. ಪ್ಲೇಟ್ ಹೋಗಿದೆ ಎಂದು ಹೇಳಿದ್ದಾರೆ" ಎಂದು ಮಾಲೀಕರು ತಂದು ನಿಲ್ಲಿಸಿದರು. ಆಯಿಲ್ ಕೆಂಪಗಿತ್ತು, ಸೀದ ವಾಸನೆ ಇರಲಿಲ್ಲ. ಪ್ಲೇಟು ಸುಟ್ಟಿದ್ದರೆ ಆಯಿಲ್ ಹೀಗಿರುವುದಿಲ್ಲ; ಅನುಮಾನ ಅಲ್ಲಿಂದಲೇ ಶುರುವಾಯಿತು. ಅದೇ ಲೋಡಿನಲ್ಲಿ ಮೇಲುಕೋಟೆಯ ಏರಿಗೆ ಹೋಗಿ, ಒಳಬರುವ ಮತ್ತು ಹೊರಹೋಗುವ ಶಾಫ್ಟುಗಳ ವೇಗವನ್ನು ಸ್ಕ್ಯಾನರ್‌ನಲ್ಲಿ ಒಟ್ಟಿಗೆ ನೋಡಿದೆವು.

ಲೆಕ್ಕ ಸರಳ. ಒಂದು ಗಾಡಿಯ ಎರಡನೆಯ ಗೇರಿನ ಅನುಪಾತ 2.09 ಎಂದು ಕೈಪಿಡಿಯಲ್ಲಿದೆ ಎಂದುಕೊಳ್ಳಿ. ಹೊರಹೋಗುವ ಶಾಫ್ಟು 1000 ಸುತ್ತು ತಿರುಗುವಾಗ ಒಳಬರುವುದು 2090 ಸುತ್ತು ಇರಬೇಕು. 2400 ತೋರಿಸಿದರೆ ಪ್ಲೇಟು ಜಾರುತ್ತಿದೆ. ನಮ್ಮ ಗಾಡಿಯಲ್ಲಿ ಎಂಜಿನ್ ಕೂಗಿದ ಪ್ರತಿ ಸಲವೂ ಅನುಪಾತ ಕೈಪಿಡಿಯ ಅಂಕಿಗೆ ಸರಿಯಾಗಿ ಕೂರುತ್ತಿತ್ತು, ಆದರೆ ಒಂದು ಗೇರು ಕೆಳಗೆ. ಅಂದರೆ ಗಾಡಿ ಜಾರುತ್ತಿರಲಿಲ್ಲ. ಎಂಜಿನ್ ಬಲ ಸಾಲದೆ ಗೇರ್‌ಬಾಕ್ಸ್ ತನ್ನ ಕರ್ತವ್ಯದಂತೆ ಕೆಳಗಿನ ಗೇರಿಗೆ ಇಳಿಯುತ್ತಿತ್ತು.

ಆಮೇಲೆ ಟರ್ಬೊ ಒತ್ತಡ ನೋಡಿದೆವು. ನಮ್ಮ ಊರುಗಳು ಸಮುದ್ರ ಮಟ್ಟದಿಂದ ಸುಮಾರು 700 ಮೀಟರ್ ಮೇಲಿವೆ. ಎಂಜಿನ್ ನಿಂತಿದ್ದು ಕೀಲಿ ಆನ್ ಇರುವಾಗ ಟರ್ಬೊ ಒತ್ತಡದ ಸೆನ್ಸರು ಹೊರಗಿನ ಗಾಳಿಯ ಒತ್ತಡವನ್ನೇ, ಅಂದರೆ 93 ಕಿಲೋಪ್ಯಾಸ್ಕಲ್‌ನ ಆಸುಪಾಸು ತೋರಿಸಬೇಕು. ತೋರಿಸಿತು, ಸೆನ್ಸರು ಸರಿ ಇತ್ತು. ಏರಿನಲ್ಲಿ ಪೂರ್ತಿ ಒತ್ತಿದಾಗ ಕಂಪ್ಯೂಟರು ಕೇಳುತ್ತಿದ್ದ ಒತ್ತಡಕ್ಕೂ ಸಿಗುತ್ತಿದ್ದ ಒತ್ತಡಕ್ಕೂ ಭಾರಿ ಅಂತರ. ಟರ್ಬೊ ಗಾಳಿಯನ್ನು ತಣ್ಣಗಾಗಿಸುವ ಇಂಟರ್‌ಕೂಲರಿನಿಂದ ಬರುವ ರಬ್ಬರ್ ಹೋಸು ಮೇಲಿನಿಂದ ಹೊಸದರಂತಿತ್ತು. ಕಳಚಿ ತಿರುವಿ ಕೈಯಲ್ಲಿ ಬಗ್ಗಿಸಿದಾಗ ಅಡಿಯಲ್ಲಿ, ಕ್ಲಿಪ್ಪಿನ ಅಂಚಿಗೆ ಸರಿಯಾಗಿ, ಉಗುರಿನಷ್ಟು ಉದ್ದದ ಸೀಳು ಬಾಯಿ ತೆರೆಯಿತು. ಸುತ್ತ ಎಣ್ಣೆ ಕುಡಿದ ಕರಿ ಧೂಳು ಅಂಟಿತ್ತು. ಐಡ್ಲಿಂಗ್‌ನಲ್ಲಿ ಆ ಸೀಳು ಮುಚ್ಚಿಕೊಂಡಿರುತ್ತದೆ. ಲೋಡು ಬಿದ್ದಾಗ ಮಾತ್ರ ತೆರೆಯುತ್ತದೆ. ಹೋಸು ಬದಲಾಯಿತು, ಅದೇ ಕಾಯಿ ಹೊತ್ತು ಗಾಡಿ ಏರು ಹತ್ತಿತು. ಗೇರ್‌ಬಾಕ್ಸ್‌ನ ಒಂದು ಬೋಲ್ಟನ್ನೂ ಮುಟ್ಟಲಿಲ್ಲ.

2020ರ ಏಪ್ರಿಲ್ ನಂತರದ ಬಿಎಸ್6 (ಹೊಗೆ ಮಿತಿಯ ನಿಯಮ) ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರು ಕೂಡ ಇರುತ್ತದೆ. ಮನೆ, ತೋಟ, ಸಂತೆ ಎಂದು ಐದಾರು ಕಿಲೋಮೀಟರಿನ ಓಡಾಟವೇ ಆದರೆ ಅದು ಸುಟ್ಟು ಶುಚಿಯಾಗಲು ಬೇಕಾದ ಬಿಸಿ ಏರುವುದೇ ಇಲ್ಲ. ಮಸಿ ತುಂಬಿದಾಗ ಎಂಜಿನ್ ಬಲ ಕಡಿಮೆ ಮಾಡಿಕೊಳ್ಳುತ್ತದೆ, ಗೇರು ಅಲೆಯತೊಡಗುತ್ತದೆ. ಇಂಥ ಗಾಡಿಯನ್ನು ಆಗಾಗ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಅರ್ಧ ಗಂಟೆ ಓಡಿಸಬೇಕು.

ಒಂದೇ ವೇಗದಲ್ಲಿ ನಡುಕ

ಗಂಟೆಗೆ 60ರಿಂದ 80 ಕಿಲೋಮೀಟರ್, ಆಕ್ಸಿಲರೇಟರ್ ಮೇಲೆ ಹಗುರ ಕಾಲು. ಆಗ ಗಾಡಿ ಸಾಲು ಉಬ್ಬುಗಳ ಮೇಲೆ ಹೋದಂತೆ ಒಂದೆರಡು ಕ್ಷಣ ನಡುಗುತ್ತದೆಯೇ? ಹಿಂದೆ ಗಾಡಿ ಇಲ್ಲವೆಂದು ಖಚಿತಪಡಿಸಿಕೊಂಡು, ಆಕ್ಸಿಲರೇಟರ್ ಹಾಗೆಯೇ ಇಟ್ಟು ಎಡಗಾಲಿನಿಂದ ಬ್ರೇಕ್ ಪೆಡಲನ್ನು ಬ್ರೇಕ್ ಲೈಟು ಹತ್ತುವಷ್ಟು ಮಾತ್ರ ತಾಗಿಸಿ. ಲಾಕ್‌ಅಪ್ ಬಿಟ್ಟುಕೊಳ್ಳುತ್ತದೆ. ನಡುಕ ಆ ಕ್ಷಣವೇ ನಿಂತರೆ ದೋಷ ಟಾರ್ಕ್ ಕನ್ವರ್ಟರಿನ ಲಾಕ್‌ಅಪ್ ಕ್ಲಚ್ಚಿನಲ್ಲಿದೆ, ನಿಲ್ಲದಿದ್ದರೆ ಟೈರು, ಶಾಫ್ಟು ಅಥವಾ ಇಂಜೆಕ್ಟರು ನೋಡಿ. ಲಾಕ್‌ಅಪ್ ನಡುಕಕ್ಕೆ ನನ್ನ ಮೊದಲ ಮದ್ದು ಸರಿಯಾದ ದರ್ಜೆಯ ಹೊಸ ಆಯಿಲ್, ನಡುವೆ ಕೆಲವು ದಿನ ಓಡಿಸಿ ಎರಡು ಸಲ ಬದಲಾವಣೆ. ಬೇಗ ಹಿಡಿದರೆ ಹಲವು ಗಾಡಿಗಳು ಇದರಲ್ಲೇ ಸುಧಾರಿಸುತ್ತವೆ.

ಗುದ್ದು ಎಲ್ಲಿಂದ?

ಹೊರಡುವಾಗ, ನಿಲ್ಲುವಾಗ ಬರುವ "ಟಕ್" ಸದ್ದೆಲ್ಲ ಗೇರಿನದಲ್ಲ. ಗೇರ್‌ಬಾಕ್ಸ್‌ನಿಂದ ಹಿಂದಿನ ಚಕ್ರಗಳ ಕಡೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ಮಡಚುವ ಕೀಲು) ಸಡಿಲವೇ, ಜಾರುವ ಜೋಡಣೆಯಲ್ಲಿ ಗ್ರೀಸ್ ಒಣಗಿದೆಯೇ, ಗೇರ್‌ಬಾಕ್ಸ್ ಮೌಂಟಿಂಗ್‌ನ ರಬ್ಬರ್ ಹರಿದಿದೆಯೇ ನೋಡಿ. ಕೆಸರಿನಿಂದ ಬಂದ ಗಾಡಿಯ ನಾಲ್ಕು ಚಕ್ರದ ಚಾಲನೆ ಟಾರು ರಸ್ತೆಯಲ್ಲೂ ಹಾಗೆಯೇ ಉಳಿದಿರುವುದುಂಟು. ತಿರುವಿನಲ್ಲಿ ಗಾಡಿ ಬಿಗಿದು ಎಳೆಯುತ್ತದೆ. ಗುಂಡಿ ಎರಡು ಚಕ್ರಕ್ಕೆ ತಿರುಗಿಸಿದರೆ ಮುಗಿಯಿತು.

ಬಿಸಿ

ಗೇರ್ ಆಯಿಲ್ 80ರಿಂದ 95 ಡಿಗ್ರಿಯಲ್ಲಿದ್ದರೆ ಚಿಂತೆಯಿಲ್ಲ. 120 ದಾಟಿ ಅಲ್ಲೇ ನಿಂತರೆ ಆಯಿಲ್ ಬಹು ಬೇಗ ಹಾಳಾಗುತ್ತದೆ. ಕಬ್ಬಿನ ತರಗು, ಭತ್ತದ ಹೊಟ್ಟು, ಆಲೆಮನೆಯ ಬೂದಿ ರೇಡಿಯೇಟರಿಗೂ ಏಸಿ ಕಂಡೆನ್ಸರಿಗೂ ನಡುವೆ ಕಂಬಳಿಯಂತೆ ಕೂರುತ್ತವೆ; ಮುಂದಿನಿಂದ ನೋಡಿದರೆ ಕಾಣುವುದೇ ಇಲ್ಲ. ಟಾರ್ಚ್ ಬಿಟ್ಟು ಎರಡರ ನಡುವಿನ ಸಂದನ್ನೇ ನೋಡಬೇಕು. ಎಂಜಿನ್ ಕಡೆಯಿಂದ ಹೊರಕ್ಕೆ, ಹಗುರ ಒತ್ತಡದ ನೀರಿನಲ್ಲಿ ತೊಳೆಯಿರಿ. ಜೋರು ಧಾರೆ ಹೊಡೆದರೆ ರೆಕ್ಕೆಗಳು ಮಡಚಿಕೊಳ್ಳುತ್ತವೆ.

ಇಷ್ಟಾದರೂ ಸರಿಯಾಗದಿದ್ದರೆ

ಈಗ ಅನುಮಾನ ಒಳಗೆ ಹೋಗಬಹುದು. ಆಯಿಲ್ ಬಿಸಿಯಾಗಿರಲಿ, ಕಾಲು ಬ್ರೇಕಿನ ಮೇಲಿರಲಿ. ಎನ್‌ನಿಂದ (ನ್ಯೂಟ್ರಲ್) ಡಿಗೆ ಹಾಕಿದಾಗ ಗಾಡಿ ಎಳೆದ ಅನುಭವ ಬರಲು 1.2 ಸೆಕೆಂಡ್, ಆರ್‌ಗೆ 1.5 ಸೆಕೆಂಡ್ ಸಾಕೆಂಬುದು ಅನೇಕ ಕೈಪಿಡಿಗಳ ಮಿತಿ. ಡಿ ಮತ್ತು ಆರ್ ಎರಡೂ ತಡವಾದರೆ ಒಟ್ಟು ಒತ್ತಡವೇ ಕಡಿಮೆ: ಪಂಪು ಅಥವಾ ಫಿಲ್ಟರು. ಒಂದು ಮಾತ್ರ ತಡವಾದರೆ ಆ ಗೇರಿನ ಪ್ಲೇಟು ಅಥವಾ ಸೀಲು. ಬ್ರೇಕ್ ಒತ್ತಿ ಪೂರ್ತಿ ಆಕ್ಸಿಲರೇಟರ್ ಕೊಡುವ ಸ್ಟಾಲ್ ಪರೀಕ್ಷೆಯನ್ನು ತಯಾರಕರು ಅನುಮತಿಸಿದ್ದರೆ ಮಾತ್ರ, ಚಕ್ರಗಳಿಗೆ ಕಟ್ಟೆ ಕೊಟ್ಟು, ಮುಂದೆ ಹಿಂದೆ ಯಾರೂ ಇಲ್ಲದಿರುವಾಗ ಮಾಡಿ; ಐದು ಸೆಕೆಂಡ್ ಮೀರಬಾರದು. ಆರ್‌ಪಿಎಂ ಮಿತಿಗಿಂತ ಹೆಚ್ಚಾದರೆ ಪ್ಲೇಟು ಜಾರುತ್ತಿದೆ. ಕಡಿಮೆಯಾದರೆ ಎಂಜಿನ್ ಬಲಹೀನ ಅಥವಾ ಕನ್ವರ್ಟರಿನ ಒಳಗಿನ ಒಮ್ಮುಖ ಕ್ಲಚ್ ಕೆಟ್ಟಿದೆ.

ಗೇರ್‌ಬಾಕ್ಸ್‌ನೊಳಗೆ ಆಯಿಲ್ ಹರಿವನ್ನು ವಿದ್ಯುತ್ತಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್‌ಗಳನ್ನು ಓಮ್ ಮೀಟರಿನಲ್ಲಿ ತಣ್ಣಗಿರುವಾಗ ಒಮ್ಮೆ, ಬಿಸಿಯಾದಾಗ ಒಮ್ಮೆ ಅಳೆಯಿರಿ. ಆನ್–ಆಫ್ ಬಗೆಯವು ಅನೇಕ ಗೇರ್‌ಬಾಕ್ಸ್‌ಗಳಲ್ಲಿ 11ರಿಂದ 15 ಓಮ್, ಒತ್ತಡ ನಿಯಂತ್ರಿಸುವವು ಸುಮಾರು 5 ಓಮ್ ಇರುತ್ತವೆ. ನಿಮ್ಮ ಗಾಡಿಯ ಅಂಕಿಯನ್ನು ಕೈಪಿಡಿಯಲ್ಲಿ ನೋಡಿಕೊಳ್ಳಿ. ಬಿಸಿಯಾದಾಗ ಮಾತ್ರ ತುಂಡಾಗುವ ಸುರುಳಿಗಳಿವೆ, ಹೀಗಾಗಿ ಎರಡು ಅಳತೆ ಬೇಕು.

ಕೊನೆಗೆ ಆಯಿಲ್ ಪ್ಯಾನ್ ಇಳಿಸಿ. ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ನುಣುಪು ಕೆಸರು ಸಹಜ ಸವೆತ. ಬೆರಳಿಗೆ ಚುಚ್ಚುವ ಲೋಹದ ಚೂರು, ಪ್ಯಾನ್ ತಳದಲ್ಲಿ ಕಪ್ಪು ಲೈನಿಂಗ್ ಪದರಗಳು ಕಂಡರೆ ಗೇರ್‌ಬಾಕ್ಸ್ ಇಳಿಸಲೇಬೇಕು. ಹಾಗೆ ಇಳಿಸಿ ಕಟ್ಟಿಸುವಾಗ ಮಾಲೀಕರು ಎರಡು ಮಾತು ಕೇಳಿ ಬರೆಸಿಕೊಳ್ಳಬೇಕು: ಆಯಿಲ್ ಕೂಲರು ಮತ್ತು ಅದರ ಪೈಪುಗಳನ್ನು ತೊಳೆದರೇ ಅಥವಾ ಬದಲಿಸಿದರೇ, ಟಾರ್ಕ್ ಕನ್ವರ್ಟರಿಗೆ ಏನು ಮಾಡಿದರು. ಹಳೆಯ ಚೂರುಗಳು ಆ ಎರಡು ಕಡೆ ಉಳಿದಿದ್ದರೆ ಹೊಸ ಪ್ಲೇಟುಗಳನ್ನೂ ಅವೇ ತಿನ್ನುತ್ತವೆ. ಕಟ್ಟಿದ ಮೇಲೆ ಸ್ಕ್ಯಾನರಿನಿಂದ ಹಳೆಯ ಕಲಿಕೆಯ ಅಳತೆಗಳನ್ನು ಅಳಿಸಿ, ಖಾಲಿ ಗಾಡಿಯಲ್ಲಿ ಹಗುರ ಕಾಲಿನಿಂದ ಎಲ್ಲ ಗೇರುಗಳನ್ನೂ ಹತ್ತಿಸಿ ಇಳಿಸಿ ಓಡಿಸಿದ ನಂತರವೇ ಲೋಡು ಹಾಕಿ.